ಗೆರಸೆ ಅಲುಗುವ ನಗು

ಅಕ್ಕ ನಗುವಾಗ ಮೊದಲು ನಗುತ್ತಿದ್ದದ್ದು ಅವಳ ಹೊಟ್ಟೆ. ಮಡಿಲಲ್ಲಿದ್ದ ಗೆರಸೆ, ಬೀಡಿ ಕಟ್ಟುವ ಮೊರ, ಅಲುಗುತ್ತಿತ್ತು. ಕತ್ತರಿಸಿಟ್ಟ ಬೀಡಿ ಎಲೆಗಳು ಸರಸರ ಎನ್ನುತ್ತಿದ್ದವು, ಕಟ್ಟಿದ ಬೀಡಿಗಳು ಒಂದನ್ನೊಂದು ತಳ್ಳಿಕೊಂಡು ಅಂಚಿಗೆ ಉರುಳುತ್ತಿದ್ದವು. ಅಷ್ಟಾದರೂ ಬಾಯಿಯಿಂದ ಸದ್ದಿಲ್ಲ. ಕಣ್ಣು ಮುಚ್ಚಿ, ತುಟಿ ಬಿಗಿದು, ಮುಖ ಕೆಂಪಗೆ ಮಾಡಿಕೊಂಡು ಕೂತಿರುತ್ತಿದ್ದಳು. ಆಮೇಲೆ ಒಮ್ಮೆಲೇ ಹೊರಗೆ ಬರುತ್ತಿತ್ತು. ಓಣಿಯ ಆ ತುದಿಯ ನಾಯಿ ಎದ್ದು ಕೂರುವಷ್ಟು ದೊಡ್ಡ ನಗು.

ಅವಳು ನನ್ನ ಒಡಹುಟ್ಟಿದ ಅಕ್ಕ ಅಲ್ಲ. ಬಂದರಿನಿಂದ ಮೇಲೆ ಹತ್ತಿ ಬರುವ ಓಣಿಯಲ್ಲಿ ನಮ್ಮದು ಸಾಲು ಮನೆ. ಅವಳ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ, ಜಗಲಿಯೂ ಒಂದೇ. ಆ ಜಗಲಿಯಲ್ಲಿ ಕೂತು ನಾವಿಬ್ಬರೂ ಬೀಡಿ ಕಟ್ಟಿದ್ದೇವೆ, ನನ್ನ ಮದುವೆಯಾದ ವರ್ಷದಿಂದ ನನ್ನ ಮಗನಿಗೆ ಮದುವೆಯಾಗುವವರೆಗೆ. ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಬರೆದು ಅಭ್ಯಾಸ ಇಲ್ಲ. ಆದರೆ ನಿನ್ನೆ ನಮ್ಮ ಮನೆಯಲ್ಲಿ ಒಂದು ಸಂಗತಿ ನಡೆಯಿತು. ಅದನ್ನು ಹೇಳದೆ ಇರಲು ನನ್ನಿಂದ ಆಗುವುದಿಲ್ಲ, ಅಕ್ಕನನ್ನು ಬಿಟ್ಟು ಹೇಳಲೂ ಬರುವುದಿಲ್ಲ.

ಅಕ್ಕನ ಗಂಡ ಬೊಂಬಾಯಿಯ ಹೋಟೆಲಿನ ಕೆಲಸಕ್ಕೆ ಹೋದವನು ತಿರುಗಿ ಬರಲಿಲ್ಲ. ಸತ್ತ ಎಂದೂ ಸುದ್ದಿ ಇಲ್ಲ, ಇದ್ದಾನೆ ಎಂದೂ ಇಲ್ಲ. ಮಕ್ಕಳಿಲ್ಲ. ಯಾರಾದರೂ ಗಂಡನ ಮಾತೆತ್ತಿದರೆ, "ಬರ್ತಾರೆ ಮಾರಾಯ್ತಿ, ಬಸ್ಸಿನಲ್ಲಿ ಸೀಟು ಸಿಕ್ಕಿರ್ಲಿಕ್ಕಿಲ್ಲ" ಎನ್ನುತ್ತಿದ್ದಳು. ಕೇಳಿದವರು ನಗುತ್ತಿದ್ದರು, ಮಾತು ಅಲ್ಲಿಗೆ ಮುಗಿಯುತ್ತಿತ್ತು.

ಒಂದು ಸಂಜೆ ನಾನು ತವರಿನಿಂದ ಬೇಗ ಬಂದೆ. ಅಕ್ಕ ಒಬ್ಬಳೇ ಜಗಲಿಯಲ್ಲಿ ಕೂತಿದ್ದಳು. ದೀಪ ಹಚ್ಚಿರಲಿಲ್ಲ. ಬೆರಳು ಮಾತ್ರ ಬೀಡಿ ಸುತ್ತುತ್ತಿತ್ತು, ಮುಖ ಯಾರದ್ದೋ ಎಂಬ ಹಾಗೆ ಇತ್ತು. ನನಗೆ ಹೆದರಿಕೆಯೇ ಆಯಿತು. "ಎಂತ ಅಕ್ಕ, ಹೀಗೆ ಕೂತಿದ್ದೀರಿ?" ಎಂದೆ.

"ನಗ್ಲಿಕ್ಕೆ ಇಬ್ರು ಬೇಕು ಮಾರಾಯ್ತಿ. ಒಬ್ಳೇ ನಕ್ಕರೆ ಗೋಡೆ ಹೆದರ್ತದೆ. ಬಾ, ಕೂತ್ಕೊ."

ನಾನು ಕೂತೆ. ತವರಿನಲ್ಲಿ ನಮ್ಮ ಚಿಕ್ಕಮ್ಮ ಸಕ್ಕರೆ ಎಂದುಕೊಂಡು ಪಾಯಸಕ್ಕೆ ಉಪ್ಪು ಸುರಿದದ್ದನ್ನು ಹೇಳಿದೆ. ಗೆರಸೆ ಅಲುಗಿತು.

ನನ್ನ ಗಂಡ ಬಂದರಿನ ಗೋಡೌನಿನಲ್ಲಿ ಮೂಟೆ ಹೊರುತ್ತಿದ್ದರು. ಒಂದು ಮಧ್ಯಾಹ್ನ ಮೂಟೆ ಇಳಿಸಿ ಕೂತವರು ಏಳಲಿಲ್ಲ. ಮಗ ಆಗ ಶಾಲೆಗೆ ಹೋಗುವ ಹುಡುಗ. ಉತ್ತರಕ್ರಿಯೆಯ ಬೊಜ್ಜದ ಊಟ ಮುಗಿಸಿ ನೆಂಟರೆಲ್ಲ ಹೋದ ಮೇಲೆ ನಾನು ಒಳಗೆ ಕತ್ತಲೆಯಲ್ಲಿ ಕೂತುಬಿಟ್ಟೆ. ಮಗ ಹಸಿವು ಎಂದರೆ ಅನ್ನ ಹಾಕುತ್ತಿದ್ದೆ, ಅವನ ಮುಖ ನೋಡುತ್ತಿರಲಿಲ್ಲ. ಅವನೂ ಮಾತು ಕಡಿಮೆ ಮಾಡಿದ. ಅಕ್ಕ ಸಮಾಧಾನ ಹೇಳಲು ಬರಲಿಲ್ಲ. ನೆನೆಸಿದ ಎಲೆಯ ಕಟ್ಟು ತಂದು ನನ್ನ ಮುಂದೆ ಇಟ್ಟಳು. "ನನ್ನ ಕತ್ತರಿ ಮೊಂಡಾಗಿ ಉಂಟು. ಸ್ವಲ್ಪ ಕತ್ತರಿಸಿ ಕೊಡು" ಎಂದಳು. ಮೊಂಡೂ ಇಲ್ಲ, ಎಂತದೂ ಇಲ್ಲ. ನನ್ನನ್ನು ಜಗಲಿಗೆ ಎಳೆಯಲು ಮಾಡಿದ ಉಪಾಯ.

ಹಾಗೆ ಮತ್ತೆ ಕಟ್ಟಲು ಶುರು ಮಾಡಿದೆ. ಬೆರಳಿಗೆ ಕೆಲಸ ಗೊತ್ತಿತ್ತು, ಮನಸ್ಸು ಅಲ್ಲಿರಲಿಲ್ಲ. ಕಟ್ಟಿದ್ದನ್ನೆಲ್ಲ ತೆಗೆದುಕೊಂಡು ಬೀಡಿ ಕಂಪೆನಿಯ ಬ್ರಾಂಚಿಗೆ ಹೋದೆವು. ಅಲ್ಲಿ ಚೆಕ್ಕರ್ ಒಬ್ಬರು ಪ್ರತಿ ಕಟ್ಟನ್ನೂ ಬೆರಳಲ್ಲಿ ಒತ್ತಿ ನೋಡುತ್ತಿದ್ದರು. ನಗುವುದು ಅವರಿಗೆ ಗೊತ್ತೇ ಇರಲಿಲ್ಲ. ನನ್ನದೊಂದು ಕಟ್ಟು ಒತ್ತಿದರು, ಚಪ್ಪಟೆ ಆಯಿತು. ಬಿಚ್ಚಿದರು. ಒಂದು ಬೀಡಿ ಒತ್ತಿದರು, ಖಾಲಿ. ಇನ್ನೊಂದು ಒತ್ತಿದರು, ಅದೂ ಖಾಲಿ. ಆ ಕಟ್ಟಿನ ಒಂದಕ್ಕೂ ನಾನು ಹೊಗೆಸೊಪ್ಪು ಹಾಕಿರಲಿಲ್ಲ. ಬರೀ ಎಲೆ ಸುತ್ತಿ, ತುದಿ ಮಡಚಿ, ನೂಲು ಕಟ್ಟಿ, ಅಂದವಾಗಿ ಜೋಡಿಸಿದ್ದೆ.

ಸಾಲಿನಲ್ಲಿದ್ದ ಹೆಂಗಸರೆಲ್ಲ ಅಯ್ಯೋ ಪಾಪ ಎಂದು ನನ್ನನ್ನೇ ನೋಡಿದರು. ನನಗೆ ನೆಲ ಬಿರಿದರೆ ಸಾಕು ಅನ್ನಿಸಿತು. ಆಗ ಪಕ್ಕದಲ್ಲಿ ಸರಸರ ಸದ್ದು ಕೇಳಿತು. ತಿರುಗಿ ನೋಡಿದರೆ ಅಕ್ಕನ ಕೈಯ ಗೆರಸೆ ಅಲುಗುತ್ತಾ ಇದೆ. ಕಣ್ಣು ಮುಚ್ಚಿ, ತುಟಿ ಬಿಗಿದು ತಡೆದಳು, ತಡೆದಳು, ಆಗಲಿಲ್ಲ.

"ಚೆಕ್ಕರೇ, ಅದನ್ನು ಬಿಸಾಡ್ಬೇಡಿ! ಅದು ಒಳ್ಳೆ ಬೀಡಿ. ಎಷ್ಟು ಸೇದಿದ್ರೂ ಕೆಮ್ಮು ಬರುವುದಿಲ್ಲ!"

ನನ್ನ ಹೊಟ್ಟೆಯೊಳಗೆ ಏನೋ ಕಳಚಿದ ಹಾಗೆ ಆಯಿತು. ನಕ್ಕೆ. ಗಂಡ ಹೋದ ಮೇಲೆ ಮೊದಲ ಸಲ. ನಗು ಅಲ್ಲಿಂದ ಅಳುವಾಯಿತು, ಅಳು ಮತ್ತೆ ನಗುವಾಯಿತು. ಸಾಲು ಇಡೀ ನಕ್ಕಿತು. ಚೆಕ್ಕರು ಮುಖ ತಿರುಗಿಸಿಕೊಂಡರು, ಅವರ ಭುಜವೂ ಕುಣಿಯುತ್ತಿತ್ತು.

ಹಿಂದಿನಿಂದ ಒಬ್ಬಳು ಅಂದಳು, "ಗಂಡ ಹೋಗಿ ತಿಂಗಳು ಆಗ್ಲಿಲ್ಲ. ಹೇಗೆ ನಗ್ತಾಳೆ ನೋಡಿ."

ಅಕ್ಕ ಕಣ್ಣೊರೆಸಿಕೊಂಡೇ ತಿರುಗಿದಳು. "ಇವಳು ನಕ್ಕರೆ ಹೋದವರಿಗೆ ಎಂತ ಕಷ್ಟ? ನಗದಿದ್ರೆ ಮನೆಯಲ್ಲಿರುವ ಮಗುವಿಗೆ ಕಷ್ಟ. ಅದಕ್ಕೆ ನೋಡ್ಲಿಕ್ಕೆ ಇವಳ ಮುಖ ಬಿಟ್ಟು ಬೇರೆ ಯಾವುದುಂಟು?"

ಆ ಸಂಜೆ ಮಗನಿಗೆ ಖಾಲಿ ಬೀಡಿಯ ಕಥೆ ಹೇಳಿದೆ. ಅವನು ನಕ್ಕ. ಅನ್ನ ಮತ್ತೊಮ್ಮೆ ಹಾಕಿಸಿಕೊಂಡ.

ಅಕ್ಕ ಓದಿದವಳಲ್ಲ. ಆದರೂ ಅವಳದ್ದೊಂದು ಮನೆಮದ್ದು ಇತ್ತು. ನಕ್ಕರೆ ಹೊಗೆಸೊಪ್ಪಿನ ಧೂಳು ಎದೆಯಿಂದ ಹೊರಗೆ ಹೋಗುತ್ತದೆ ಎನ್ನುತ್ತಿದ್ದಳು. ಒಮ್ಮೆ ಬೆಳಿಗ್ಗೆ ನಾವಿಬ್ಬರೂ ಪಾರ್ಕಿನ ಹತ್ತಿರ ಹೋಗುವಾಗ ದೊಡ್ಡ ದೊಡ್ಡ ಮನೆಯವರು ವೃತ್ತವಾಗಿ ನಿಂತು, ಕೈ ಮೇಲೆತ್ತಿ "ಹೊ ಹೊ, ಹಹಹ" ಎಂದು ನಗುತ್ತಿದ್ದರು. ಆರೋಗ್ಯಕ್ಕೆ ಒಳ್ಳೆಯದಂತೆ. ಅಕ್ಕ ಬೇಲಿ ಹಿಡಿದು ನಿಂತಳು. "ಪಾಪ, ಇವರಿಗೆ ಪಕ್ಕದಲ್ಲಿ ಕೂತು ಬೀಡಿ ಕಟ್ಟುವವರು ಯಾರೂ ಇಲ್ಲ ಕಾಣ್ತದೆ" ಎಂದಳು. ಅದನ್ನು ಅವಳು ತಮಾಷೆಗೆ ಹೇಳಲಿಲ್ಲ. ಆಮೇಲೆ ತಾನೂ ಬೇಲಿಯ ಈಚೆ ನಿಂತು ಕೈ ಮೇಲೆತ್ತಿದಳು. ಅವಳ ನಗು ಕೇಳಿ ಒಳಗಿನವರಿಗೆ ನಿಜವಾದ ನಗು ಬಂತು.

ನಗುವುದರಿಂದ ಸಾವು ತಪ್ಪುತ್ತದೆ ಎಂದು ನಾನು ಹೇಳುವುದಿಲ್ಲ. ಅಕ್ಕನ ಎದೆಯ ಧೂಳು ಪೂರ್ತಿ ಹೊರಗೆ ಹೋಗಿರಲಿಲ್ಲ. ಆಸ್ಪತ್ರೆಯಲ್ಲಿ ಮೂಗಿಗೆ ಪೈಪು ಹಾಕಿದ್ದರು. ನಾನು ಕೈ ಹಿಡಿದು ಕೂತಾಗ ಮೆಲ್ಲಗೆ ಅಂದಳು, "ಡಾಕ್ಟ್ರು ನನ್ನನ್ನು ಒತ್ತಿ ಒತ್ತಿ ನೋಡ್ತಾರೆ ಮಾರಾಯ್ತಿ. ಒಳಗೆ ಖಾಲಿ ಉಂಟಾ ಅಂತ." ಹೊದಿಕೆ ಅಲುಗಿತು. ನಾನು ಸದ್ದಿಗೆ ಕಾದೆ. ಸದ್ದು ಬರಲಿಲ್ಲ. ಮರುದಿನ ಬೆಳಿಗ್ಗೆ ಹೋದಳು.

ಆಮೇಲೆ ನಾನು ಬೀಡಿ ಕಟ್ಟುವುದನ್ನೂ ಬಿಟ್ಟೆ. ಅವಳ ಮನೆಯನ್ನು ಯಾರೋ ಸಾಮಾನು ತುಂಬಲು ಬಾಡಿಗೆಗೆ ತೆಗೆದುಕೊಂಡರು. ಗೋಡೆಯ ಆಚೆ ಈಗ ಬರೀ ರಟ್ಟಿನ ಪೆಟ್ಟಿಗೆ. ಮಗ ಬೈಕಂಪಾಡಿಯ ಕಂಪೆನಿಗೆ ಹೋಗುತ್ತಾನೆ, ಸೊಸೆ ಹಂಪನಕಟ್ಟೆಯ ಬಟ್ಟೆ ಅಂಗಡಿಗೆ. ಒಳ್ಳೆಯವರೇ. ಸಂಜೆ ಸುಸ್ತಾಗಿ ಬರುತ್ತಾರೆ, ಊಟ ಮಾಡುತ್ತಾರೆ, ಮೊಬೈಲು ನೋಡುತ್ತಾರೆ. ಮಾತಾಡಲು ಬಾಯಿ ತೆರೆದರೆ ನನ್ನ ದನಿ ನನಗೇ ಹೊಸದು ಅನ್ನಿಸುತ್ತಿತ್ತು.

ಮೊಮ್ಮಗಳು ಹುಟ್ಟಿದಳು. ಆರು ತಿಂಗಳು ತುಂಬಿದರೂ ಮಗು ನಗಲಿಲ್ಲ. ಅಳುತ್ತಿತ್ತು, ಹಾಲು ಕುಡಿಯುತ್ತಿತ್ತು, ನೋಡುತ್ತಿತ್ತು, ನಗು ಮಾತ್ರ ಇಲ್ಲ. ಸೊಸೆ ಡಾಕ್ಟರಲ್ಲಿಗೆ ಕರೆದುಕೊಂಡು ಹೋಗಿ ಬಂದು ಅಡುಗೆಮನೆಯಲ್ಲಿ ಅತ್ತಳು.

"ಕಿವಿ, ಕಣ್ಣು ಎಲ್ಲ ಸರಿ ಉಂಟಂತೆ ಮಾಮಿ. ಸ್ವಲ್ಪ ದಿನ ನೋಡುವ ಅಂದ್ರು. ಮಗುವಿನ ಎದುರು ನಗ್ತಾ ಮಾತಾಡಿ, ನಗುವ ಮುಖ ನೋಡಿಯೇ ಮಕ್ಕಳು ಕಲಿಯುವುದು ಅಂದ್ರು. ನಮ್ಮ ಮನೆಯಲ್ಲಿ ಯಾರು ನಗ್ತಾರೆ ಹೇಳಿ?"

ಆ ಮಾತು ನನಗೆ ಚುಚ್ಚಿತು. ಮಗು ಹಗಲಿಡೀ ನೋಡುವುದು ನನ್ನ ಮುಖವನ್ನು. ಮರುದಿನದಿಂದ ಅದರ ಮುಂದೆ ಹಲ್ಲು ಬಿಟ್ಟು ಹಹಹ ಎಂದೆ. ಮಗು ಥೇಟ್ ಆ ಚೆಕ್ಕರರ ಹಾಗೆ ನನ್ನನ್ನು ನೋಡಿತು. ಒತ್ತಿ ನೋಡಿ ಖಾಲಿ ಎಂದು ಬದಿಗಿಟ್ಟ ಹಾಗೆ.

ನಿನ್ನೆ ಮಧ್ಯಾಹ್ನ ಮಗು ನನ್ನ ಮಡಿಲಲ್ಲಿತ್ತು, ಗೆರಸೆ ಇರುತ್ತಿದ್ದ ಜಾಗದಲ್ಲಿ. ನೆನಪಾಗಿ ಖಾಲಿ ಬೀಡಿಯ ಕಥೆ ಹೇಳತೊಡಗಿದೆ. ಚೆಕ್ಕರು ಹೀಗೆ ಒತ್ತಿದರು ಎಂದು ಅದರ ಕಿರುಬೆರಳು ಹಿಡಿದೆ. "ಇದು ಖಾಲಿ." ಪಕ್ಕದ ಬೆರಳು. "ಇದೂ ಖಾಲಿ." ಬೀಡಿಯಷ್ಟೇ ದಪ್ಪದ ಬೆರಳುಗಳು! ಹೆಬ್ಬೆರಳಿಗೆ ಬರುವಾಗ ಅಕ್ಕನ ಮಾತು ನನ್ನ ಬಾಯಿಗೆ ಬಂತು. "ಚೆಕ್ಕರೇ, ಬಿಸಾಡ್ಬೇಡಿ! ಎಷ್ಟು ಸೇದಿದ್ರೂ..."

ಮುಗಿಸಲು ಆಗಲಿಲ್ಲ. ನನ್ನ ಹೊಟ್ಟೆ ಅಲುಗಿತು. ಮಡಿಲು ಅಲುಗಿತು. ಮಡಿಲಿನ ಮಗು ಅಲುಗಿತು. ಅದು ಕಣ್ಣು ಅಗಲ ಮಾಡಿ ನನ್ನನ್ನು ನೋಡಿತು. ಆಮೇಲೆ ನನ್ನ ಅಂಗೈಯ ಕೆಳಗೆ ಅದರ ಪುಟ್ಟ ಹೊಟ್ಟೆ ತಾನಾಗಿಯೇ ಕುಣಿಯಿತು. ಸದ್ದಿಲ್ಲ. ಮುಖ ಕೆಂಪಾಯಿತು. ನಾನು ಉಸಿರು ಬಿಗಿಹಿಡಿದು ಕಾದೆ.

ಬಂತು! ಕಿಲಕಿಲ ಎಂದು ಮನೆ ತುಂಬ ಬಂತು!

ಸೊಸೆಗೆ ಫೋನು ಮಾಡಿ ಮಗುವಿನ ಬಾಯಿಗೆ ಹಿಡಿದೆ, ಮತ್ತೆ ಬೆರಳು ಒತ್ತಿದೆ, ಮತ್ತೆ ನಕ್ಕಿತು. ಅತ್ತಲಿಂದ ಅವಳು ನಗುವುದು, ಅಳುವುದು, "ಕೇಳಿ, ಕೇಳಿ, ನನ್ನ ಮಗು" ಎಂದು ಅಂಗಡಿಯವರನ್ನೆಲ್ಲ ಕರೆಯುವುದು ಕೇಳಿಸಿತು. ಮಗ ಕೆಲಸದಿಂದ ಬಂದವನು ಚಪ್ಪಲಿ ಬಿಚ್ಚದೆ ಕೂತು ಬೆರಳು ಒತ್ತಿದ. "ಅಮ್ಮ, ಇದು ನಮ್ಮ ದೊಡ್ಡಮ್ಮನ ನಗು ಅಲ್ವಾ?" ಎಂದ. ಅಕ್ಕನನ್ನು ಅವನು ಕರೆಯುತ್ತಿದ್ದದ್ದು ಹಾಗೆಯೇ. ರಕ್ತ ಸಂಬಂಧ ಇಲ್ಲ, ಒಂದು ಗೋಡೆಯ ಸಂಬಂಧ. ಆದರೂ ಮೊದಲು ಹೊಟ್ಟೆ, ಆಮೇಲೆ ಸದ್ದು.

ಇವತ್ತು ಮಗುವನ್ನು ಎತ್ತಿಕೊಂಡು ಜಗಲಿಗೆ ಬಂದು ಕೂತಿದ್ದೇನೆ. ಎಷ್ಟೋ ಕಾಲದಿಂದ ನಾನು ಇಲ್ಲಿ ಕೂತಿರಲಿಲ್ಲ. ಗೋಡೆಯ ಆಚೆ ಪೆಟ್ಟಿಗೆಗಳಿವೆ, ಇರಲಿ. ಅಕ್ಕಾ, ನಗ್ಲಿಕ್ಕೆ ಇಬ್ಬರು ಬೇಕು ಅಂದಿದ್ದಿರಲ್ಲ. ಇಬ್ಬರಾದೆವು.