ಮೂರನೇ ಮೆಟ್ಟಿಲು

ಟೈಲರಕ್ಕನ ಅಂಗಡಿ ಎಂದರೆ ಮಹಡಿ ಮೆಟ್ಟಿಲ ಕೆಳಗಿನ ಒಂದು ಗೂಡು. ಹೊಲಿಗೆ ಯಂತ್ರ ಇಟ್ಟು ಉಳಿದ ಜಾಗದಲ್ಲಿ ಒಬ್ಬರು ನಿಲ್ಲಬಹುದು. ಇಬ್ಬರು ಬಂದರೆ ಎರಡನೆಯವರ ಅಳತೆ ಬೀದಿಯಲ್ಲೇ. ಇಪ್ಪತ್ತೆಂಟು ವರ್ಷ ಅಲ್ಲಿ ಕೂತು ತುಳಿದದ್ದನ್ನು ನೇರ ದಾರಿಗೆ ಹಾಕಿದ್ದರೆ ಭೂಮಿಗೊಂದು ಸುತ್ತು ಬಂದಿರುತ್ತಿದ್ದಳು. ಕೊರಳಲ್ಲಿ ಅಳತೆಯ ಟೇಪು, ಸೊಂಟಕ್ಕೆ ದಾರ ಕಟ್ಟಿ ಇಳಿಬಿಟ್ಟ ಅವ್ವನ ಕಾಲದ ಕತ್ತರಿ. ಇವೆರಡನ್ನೂ ಕಳಚುತ್ತಿದ್ದದ್ದು ಮಲಗುವಾಗ ಮಾತ್ರ.

ಆದರೆ ಅವಳ ಜೀವವೆಲ್ಲ ಇದ್ದದ್ದು ಕೆರೆಯ ಮೂರನೇ ಮೆಟ್ಟಿಲ ಮೇಲೆ.

ಆ ಕೆರೆಯಲ್ಲಿ ರಾತ್ರಿ ಗಾಳ ಹಾಕುವವರದ್ದೊಂದು ಕಟ್ಟುಪಾಡಿತ್ತು. ಮೂವತ್ತು ಇಂಚಿನ ಗೆಂಡೆ ಮೀನು ಹಿಡಿದವರಿಗೆ ಮಾತ್ರ ಕಲ್ಲಿನ ಮೆಟ್ಟಿಲ ಮೇಲೆ ಸ್ವಂತ ಜಾಗ. ಅಲ್ಲಿಯವರೆಗೆ ಪಕ್ಕದ ಕೆಸರಲ್ಲಿ ನಿಂತು ಗಾಳ ಹಾಕಬೇಕು. ಮೆಟ್ಟಿಲಿನವರು ಕೂಗಿದಾಗ ಓಡಿಹೋಗಿ ಟಾರ್ಚು ಹಿಡಿಯಬೇಕು. ಇನ್ನೊಂದು ಮಾತು: ಗಾಳಕ್ಕೆ ಮೀನು ಬಿದ್ದ ಮೇಲೆ ಕೋಲನ್ನಾಗಲಿ ದಾರವನ್ನಾಗಲಿ ಬೇರೆ ಕೈ ಮುಟ್ಟಿದರೆ ಆ ಮೀನು ಲೆಕ್ಕಕ್ಕಿಲ್ಲ. ಇದನ್ನೆಲ್ಲ ಕಾಯುತ್ತಿದ್ದವನು ಬೀಗ ರಿಪೇರಿಯ ತಾತ. ಅವನ ತೀರ್ಪಿಗೆ ಮೇಲ್ಮನವಿ ಇರಲಿಲ್ಲ.

ಟೈಲರಕ್ಕ ಏಳು ವರ್ಷ ಟಾರ್ಚು ಹಿಡಿದಿದ್ದಳು, ಅದೂ ಬಸ್ ಓಡಿಸುತ್ತಿದ್ದ ಸ್ವಂತ ಅಣ್ಣನಿಗೆ. "ಅಲ್ಲಾಡಿಸಬೇಡ ಕಣೇ, ಮೀನು ಹೆದರುತ್ತೆ!" ಎಂದು ಅವನು ಗದರಿದ್ದಕ್ಕೆ ಲೆಕ್ಕವಿಲ್ಲ. ಎರಡು ಸಲ ಅವಳ ಗಾಳಕ್ಕೂ ದೊಡ್ಡ ಮೀನು ಬಿದ್ದಿತ್ತು. ಎರಡು ಸಲವೂ ಅಣ್ಣ "ಎಳಿ, ಎಳಿ" ಎಂದ, ಎಳೆದಳು, ದಾರ ಕಡಿಯಿತು. ಈಗ ಮೂರನೇ ಮೆಟ್ಟಿಲಿನವರು ಮಂಡಿನೋವೆಂದು ಬರುವುದನ್ನು ಬಿಟ್ಟು ತಿಂಗಳಾಗಿತ್ತು. ಖಾಲಿ ಕಲ್ಲು ಅವಳನ್ನು ನೋಡಿ ಕಣ್ಣು ಹೊಡೆಯುತ್ತಿತ್ತು.

ಅವತ್ತು ರಾತ್ರಿ ಹಿಟ್ಟಿನ ಉಂಡೆ ಸಿಕ್ಕಿಸಿ ಗಾಳ ಎಸೆದು ಕೆಸರಲ್ಲಿ ನಿಂತಿದ್ದಳು. ಬೆಂಡು ಒಮ್ಮೆ ಕುಣಿಯಿತು. ಆಮೇಲೆ ಯಾರೋ ಕೆಳಗಿನಿಂದ ಕಸಿದುಕೊಂಡ ಹಾಗೆ ಮಾಯವಾಯಿತು. ಕೋಲು ಬಿಲ್ಲಿನಂತೆ ಬಾಗಿತು.

"ಅಣ್ಣಾ! ದೊಡ್ಡದು!"

"ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲೀಬೇಡ," ಎಂದ ಅಣ್ಣ. ಬಾಗಿದ ಕೋಲು ಕಂಡ ಕೂಡಲೇ ತನ್ನ ಗಾಳ ಬಿಟ್ಟು ಕೆಸರಿಗೆ ಹಾರಿದ. "ಎಳಿಯೇ! ಎಳಿ!"

ಟೈಲರಕ್ಕನ ಬೆರಳಿಗೆ ಆ ಗಳಿಗೆಯಲ್ಲಿ ಹೊಲಿಗೆ ಯಂತ್ರ ನೆನಪಾಯಿತು. ಬಿಗಿ ಹೆಚ್ಚಾದರೆ ಅಲ್ಲೂ ದಾರ ಕಡಿಯುತ್ತದೆ, ಸಡಿಲ ಹೆಚ್ಚಾದರೆ ಗಂಟಾಗುತ್ತದೆ. ಏಳು ವರ್ಷ ಇದು ಯಾಕೆ ಹೊಳೆಯಲಿಲ್ಲವೋ! ಮೀನು ಓಡಿದಾಗ ದಾರ ಬಿಟ್ಟಳು, ದಣಿದಾಗ ಕೋಲಿನ ರಾಟೆಗೆ ಸುತ್ತಿದಳು.

"ಬಸ್ಸಿನ ಬ್ರೇಕ್ ಅಲ್ಲ ಕಣೋ ಇದು. ಸುಮ್ನಿರು!"

ಅರ್ಧ ಗಂಟೆ ಹೀಗೇ ನಡೆಯಿತು. ತೋಳು ಮರಗಟ್ಟಿತು. ಅಷ್ಟರಲ್ಲಿ ಮೀನು ಸರ್ರನೆ ದಡದ ಕಡೆಗೇ ತಿರುಗಿತು. ಜೋತುಬಿದ್ದ ದಾರದ ಒಂದು ಸುತ್ತು ಸೊಂಟದ ಕತ್ತರಿಯ ಹಿಡಿಗೆ ಸಿಕ್ಕಿಕೊಂಡಿತು. ಮೀನು ಮತ್ತೆ ಹಿಂದಕ್ಕೋಡಿದಾಗ ಸೊಂಟದ ಸಮೇತ ಅವಳನ್ನೇ ನೀರಿಗೆಳೆಯಿತು.

"ಬಿಡಿಸ್ತೀನಿ ತಾಳು!" ಎಂದು ಅಣ್ಣ ಕೈ ಚಾಚಿದ.

"ಮುಟ್ಟಿದ್ರೆ ಜನ್ಮದಲ್ಲಿ ನಿನ್ನ ಪ್ಯಾಂಟಿಗೆ ಗುಂಡಿ ಹಾಕಲ್ಲ!"

ಅವನ ಕೈ ಗಾಳಿಯಲ್ಲೇ ನಿಂತಿತು. ಒಂದು ಕೈಯಲ್ಲಿ ಕೋಲು ಹಿಡಿದೇ, ಇನ್ನೊಂದರಿಂದ ಕತ್ತರಿ ಕಟ್ಟಿದ್ದ ದಾರವನ್ನು ಬಾಯಿಗೆತ್ತಿಕೊಂಡಳು. ದಿನಕ್ಕೆ ನೂರು ಎಳೆ ಕಚ್ಚಿ ತುಂಡರಿಸುವ ಹಲ್ಲು ಅದು. ಕಟಕ್! ಅವ್ವನ ಕತ್ತರಿ ಗಾಳದ ದಾರದ ಜೊತೆ ಹಾರಿ, ಜಾರಿ, ಗುಳುಂ ಎಂದು ಮುಳುಗಿತು.

ಅದಕ್ಕಾಗಿ ಅಳುವಷ್ಟು ಪುರುಸೊತ್ತು ಇರಲಿಲ್ಲ. ಇನ್ನೂ ಹತ್ತು ಸುತ್ತು ಸುತ್ತಿದಳು. ಟಾರ್ಚಿನ ಬೆಳಕಲ್ಲಿ ಹಿತ್ತಾಳೆ ತಟ್ಟೆಗಳನ್ನು ಜೋಡಿಸಿದಂಥ ಮೈ ಮೇಲೆದ್ದಿತು. ಮೆಟ್ಟಿಲಿಳಿದು ಬಂದ ತಾತ ಬಲೆಯೊಡ್ಡಿ ಎತ್ತಿದ. ಭಾರಕ್ಕೆ ತಾನೇ ಕೂತುಬಿಟ್ಟ.

ಟೈಲರಕ್ಕ ಕೊರಳಿನ ಟೇಪು ಕಿತ್ತು ಅವನಿಗೆ ಕೊಟ್ಟಳು. ತಾನು ನೋಡಲಾರದೆ ಆಕಾಶ ನೋಡುತ್ತ ನಿಂತಳು.

"ಮೂವತ್ನಾಲ್ಕು," ಎಂದ ತಾತ.

"ಸೊಂಟದ ಸುತ್ತಳತೇನೂ ತಗೋ ತಾತ, ಇದಕ್ಕೂ ಅಂಗಿ ಹೊಲಿದಾಳು," ಎಂದ ಅಣ್ಣ.

ತಾತ ಎದ್ದು ತನ್ನ ಟವೆಲ್ಲಿನಿಂದ ಮೂರನೇ ಮೆಟ್ಟಿಲ ಧೂಳು ಹೊಡೆದ. "ಬಾರವ್ವ. ಇನ್ನು ಇದು ನಿಂದು."

ಕೆಸರುಗಾಲಲ್ಲೇ ಹತ್ತಿ ಕೂತಳು. ಕಲ್ಲು ತಣ್ಣಗಿತ್ತು. ಒಂದು ಗಳಿಗೆ ಕೂತು, ಆಮೇಲೆ ಟಾರ್ಚನ್ನು ಅಣ್ಣನ ಕೈಗಿಟ್ಟಳು.

"ಹಿಡ್ಕೋ. ಅವ್ವನ ಕತ್ತರಿ ಇಲ್ಲೇ ಎಲ್ಲೋ ಬಿದ್ದಿದೆ, ಗಾಳ ಹಾಕಿ ಎಳೀತೀನಿ."

ಅಣ್ಣ ನೀರಿಗೆ ಬೆಳಕು ಬಿಟ್ಟ. ಕತ್ತರಿ ಹುಡುಕುತ್ತ ಬೆಳಕು ಅತ್ತಿತ್ತ ಓಡಾಡಿತು.

"ಅಲ್ಲಾಡಿಸಬೇಡ ಕಣೋ," ಎಂದಳು ಟೈಲರಕ್ಕ, "ಮೀನು ಹೆದರುತ್ತೆ!"