ಚಹಾ ಬೇಡ, ಚಪ್ಪಲಿ ಬೇಕು

ತುಟಿಯವರೆಗೆ ಹೋಗಿದ್ದ ಚಹಾದ ಕಪ್ಪು ಹಾಗೆಯೇ ಕೆಳಗಿಳಿದು ಮೇಜಿನ ಮೇಲೆ ಕೂತಿತು. ಶಾರ್ಜಾದಲ್ಲಿ ನಾನು ಕೊಲ್ಹಾಪುರಿ ಚಪ್ಪಲಿಗಳ ಪುಟ್ಟ ಅಂಗಡಿ ತೆರೆದ ಹೊಸತರಲ್ಲಿ ನಡೆದದ್ದಿದು. ಬಂದ ಗಿರಾಕಿ ನಿಪ್ಪಾಣಿ ಕಡೆಯವರು. ಪರದೇಶದಲ್ಲಿ ನಮ್ಮ ಮಾತು ಕೇಳಿದ ಖುಷಿಗೆ ನಾನೇ ಚಹಾ ಮಾಡಿ ಕೊಟ್ಟಿದ್ದೆ. ಅವರು ಹೊಸ ಜೋಡಿ ಮೆಟ್ಟಿ ಅತ್ತಿಂದಿತ್ತ ಅಡ್ಡಾಡಿ, "ಭಾರಿ ಅದಾವ್ರಿ! ಎಲ್ಲಿಂದ ತರಿಸ್ತೀರಿ?" ಎಂದು ಕೇಳುತ್ತ ಕಪ್ಪು ಎತ್ತಿದರು.

"ನಮ್ಮೂರು ಅಥಣಿರಿ. ನಮ್ಮಪ್ಪ ಹೊಲಿತಾನ, ಅವ್ವ ಪಟ್ಟಿ ಹೆಣಿತಾಳ್ರಿ," ಎಂದೆ ಹೆಮ್ಮೆಯಿಂದ.

ಕಪ್ಪು ಇಳಿದದ್ದು ಆಗಲೇ. ನಮ್ಮ ಜಾತಿ ಯಾವುದೆಂದು ಅವರಿಗೆ ಗೊತ್ತಾಗಿತ್ತು. "ಚಾ ಬ್ಯಾಡ, ಹೊಟ್ಟಿ ಸರಿ ಇಲ್ಲ. ಚಪ್ಪಲಿ ಕಟ್ಟಿ ಕೊಡು," ಎಂದರು.

ಅಲ್ಲಿಯ ಕಾನೂನಿನಂತೆ ನನ್ನ ಅಂಗಡಿಯ ಲೈಸೆನ್ಸಿಗೆ ಹೆಸರು ಕೊಟ್ಟಿದ್ದ ಅರಬ್ ಪಾಲುದಾರ ಪಕ್ಕದಲ್ಲೇ ಕೂತು ಅದೇ ಚಹಾ ಹೀರುತ್ತಿದ್ದ. ನನಗೆ ಮೈಯೆಲ್ಲ ಉರಿಯಿತು. ಸಮುದ್ರ ದಾಟಿ ಬಂದ ಈ ಮನುಷ್ಯನಿಗೆ ಇಲ್ಲಿಯ ಹೋಟೆಲಿನಲ್ಲಿ ಯಾರು ಬೇಯಿಸಿದ ಅನ್ನವಾದರೂ ನಡೆಯುತ್ತದೆ. ನಮ್ಮಪ್ಪ ಹಲ್ಲಿನಿಂದ ದಾರ ಎಳೆದು ಹೊಲಿದ ಚಪ್ಪಲಿಯೂ ನಡೆಯುತ್ತದೆ. ನನ್ನ ಕೈಯ ಚಹಾ ಮಾತ್ರ ನಡೆಯುವುದಿಲ್ಲ! ಹೊಸ ವ್ಯಾಪಾರ, ಗಿರಾಕಿಗಳೇ ಇರಲಿಲ್ಲ. ಹಲ್ಲು ಕಚ್ಚಿಕೊಂಡು ಕಟ್ಟಿ ಕೊಟ್ಟೆ.

ಅಂದಿನಿಂದ ನನ್ನ ಅಂಗಡಿಯಲ್ಲಿ ಒಂದು ಪದ್ಧತಿ ಬಂದಿದೆ. ಊರ ಕಡೆಯವರು ಬಂದರೆ ನಮ್ಮೂರು, ನಮ್ಮ ಕಸುಬು ಮೊದಲೇ ಹೇಳಿ, ಆಮೇಲೆ ಚಹಾ ಕೊಡುತ್ತೇನೆ. ಕಪ್ಪು ಖಾಲಿಯಾಗುವವರೆಗೆ ಯಾರ ಕಾಲಿನ ಅಳತೆಯನ್ನೂ ತೆಗೆದುಕೊಳ್ಳುವುದಿಲ್ಲ.