ಎಡಗೈ ಹೊಲಿಗೆ

ನಮ್ಮ ದೊಡ್ಡಮ್ಮ ಬಟ್ಟೆ ಹೊಲಿಯುವವಳು, ಬಾಯಿ ಹೊಲಿದುಕೊಂಡವಳಲ್ಲ. ಅಳತೆ ತೆಗೆಯುತ್ತಲೇ ಗಿರಾಕಿಗಳ ಗಂಡಂದಿರನ್ನೂ ಅಳೆದುಬಿಡುತ್ತಿದ್ದಳು. ಆದರೆ ಶಾಲೆಯಲ್ಲಿ ಹೊಲಿಗೆಗೆ ಅವಳಿಗೆ ಬಂದ ಬಹುಮಾನದ ಮಾತನ್ನು ಯಾರಾದರೂ ಎತ್ತಿದರೆ ತಲೆ ತಗ್ಗಿಸಿ ಮಿಷನ್ ತುಳಿಯುತ್ತಿದ್ದಳು.

ನಲವತ್ತು ವರ್ಷದ ಮೇಲೆ ಅವಳ ತರಗತಿಯವರೆಲ್ಲ ಮತ್ತೆ ಸೇರಿದರು. ಒಲ್ಲೆ ಒಲ್ಲೆ ಎಂದವಳನ್ನು ನಾನೇ ಎಳೆದೊಯ್ದೆ. ಹೊಲಿಗೆ ಟೀಚರು ಜೋಪಾನವಾಗಿಟ್ಟಿದ್ದ ಹಳೆಯ ಬಹುಮಾನದ ಕರವಸ್ತ್ರಗಳನ್ನು ಬೆಂಚುಗಳ ಮೇಲೆ ಹರಡಿದ್ದರು. ಅದರಲ್ಲೊಂದನ್ನು ಕೈಗೆತ್ತಿಕೊಂಡು ಕೂತಿದ್ದಳು ದೊಡ್ಡಮ್ಮನ ಅಂದಿನ ಜೀವದ ಗೆಳತಿ. ಈಗ ನರ್ಸು, ಆಗ ಎಲ್ಲರ ಬಾಯಲ್ಲಿ ‘ಎಡಚಿ’.

ದೊಡ್ಡಮ್ಮ ನಿಂತಲ್ಲೇ ಹೇಳಿಬಿಟ್ಟಳು. "ಅದು ನೀನು ಹೊಲಿದಿದ್ದು ಕಣೇ. ಹೆಸರಿನ ಚೀಟಿ ಬದಲಾಯಿಸಿದ್ದು ನಾನು."

"ಅವತ್ತೇ ಗೊತ್ತಾಯ್ತು. ಹೊಲಿಗೆ ಎಲ್ಲಾ ಎಡಗೈ ಕಡೆ ವಾಲಿದೆ, ನೋಡು. ನಿನ್ನ ಸೊಟ್ಟ ಕರವಸ್ತ್ರಕ್ಕೆ ಬೈಸಿಕೊಂಡಿದ್ದು ನಾನು."

"ಮತ್ತೆ ಯಾಕೆ ಸುಮ್ನಿದ್ದೆ?"

"ಗೊತ್ತಾದ್ರೆ ನಿಮ್ಮಪ್ಪ ಶಾಲೆ ಬಿಡಿಸ್ತಿದ್ರು. ಹಾಳಾದ ಕರವಸ್ತ್ರ, ಹೋದ್ರೆ ಹೋಗ್ಲಿ ಅಂದ್ಕೊಂಡೆ. ನೀನು ನೋಡಿದ್ರೆ ಮಾರನೇ ದಿನಾನೇ ಹಿಂದಿನ ಬೆಂಚಿಗೆ ಹೋಗ್ಬಿಟ್ಟೆ. ವರ್ಷ ಪೂರ್ತಿ ನಿನ್ನ ಜಾಗದಲ್ಲಿ ಬ್ಯಾಗ್ ಇಟ್ಟು ಕಾದೆ ಕಣೇ, ಬೇರೆ ಯಾರೂ ಕೂತ್ಕೋಬಾರ್ದು ಅಂತ."

ಆಮೇಲೆ ಗೆಳತಿ ಬೆಂಚಿನ ಮೇಲೆ ತನ್ನ ಪಕ್ಕದಲ್ಲಿದ್ದ ಕೈಚೀಲವನ್ನೆತ್ತಿ ತೊಡೆಯ ಮೇಲಿಟ್ಟುಕೊಂಡಳು.